ಹಲಸಿನ ಮರದ ಎಲೆ ಮಿಡತೆ: ಔಷಧಿ ಹೊಡೆಯುವ ಮುನ್ನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳ ಬದುವಿನಲ್ಲಿ ಹಲಸಿನ ಮರ ಇರುವುದು ಸಾಮಾನ್ಯ. ಇಂಥ ಮರದ ಕೊಂಬೆ ಅಲುಗಿಸಿದಾಗ ಹಸಿರು ಎಲೆಯೊಂದು ಉದುರದೆ ಹಾರಿಹೋದರೆ, ಅದು ಎಲೆಯಲ್ಲ, ಎಲೆ ಮಿಡತೆ.

ಇದನ್ನು ಗುರುತಿಸುವುದು ಸುಲಭ. ಬೆಳೆಯ ಮೇಲೆ ಹಿಂಡಾಗಿ ಬೀಳುವ ಮಿಡತೆಯ ಕುಡಿಮೀಸೆ ಗಿಡ್ಡ. ಎಲೆ ಮಿಡತೆಯ ಕುಡಿಮೀಸೆ ದಾರದಷ್ಟು ತೆಳು, ಬಹಳ ಉದ್ದ. ರೆಕ್ಕೆಯ ಮೇಲೆ ಎಲೆಯ ನರಗಳಂಥ ಗೆರೆಗಳಿರುತ್ತವೆ. ಹೆಣ್ಣಿನ ಹಿಂಭಾಗದಲ್ಲಿ ಕಾಣುವ ಕತ್ತಿಯಂಥ ಅಂಗ ಮೊಟ್ಟೆಯಿಡಲು ಇರುವುದು, ಅದು ಕೊಂಡಿಯಲ್ಲ.

ಈ ಗುಂಪಿನ ಒಂದು ಕುಲ ಒನೊಮಾರ್ಕಸ್. ನಮ್ಮ ರಾಜ್ಯದ ಕುದುರೆಮುಖ ಕಾಡಿನ ಅಂಚಿನಲ್ಲಿ ಇದರ ಒಂದು ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಭ್ಯಾಸ ಮಾಡಿದ್ದಾರೆ. ಹಲಸಿನ ಎಲೆ ಇದರ ಆಹಾರ. ಗಂಡು ರಾತ್ರಿ ರೆಕ್ಕೆ ಉಜ್ಜಿ, ಸೆಕೆಂಡಿಗೆ ಸುಮಾರು 3,200 ಕಂಪನಗಳ ಸಿಳ್ಳೆಯಂಥ ಸ್ವರ ಹೊರಡಿಸುತ್ತದೆ. ಮುಂಗಾಲಿನಲ್ಲಿರುವ ಕಿವಿಯಿಂದ ಅದನ್ನು ಕೇಳಿದ ಹೆಣ್ಣು ಮೈ ನಡುಗಿಸಿ ಕೊಂಬೆಯ ಮೂಲಕ ಉತ್ತರ ಕೊಡುತ್ತದೆ. ಆ ಕಂಪನದ ಜಾಡು ಹಿಡಿದು ಗಂಡು ಅದನ್ನು ಸೇರುತ್ತದೆ. ಈ ಸಂಗತಿ 2015ರಲ್ಲಿ ಪ್ರಕಟವಾಯಿತು. ಕತ್ತಲಲ್ಲಿ ಬೇಟೆಯಾಡುವ ಬಾವಲಿಗಳು ಎಲೆ ಮಿಡತೆಗಳನ್ನು ಹಿಡಿದು ತಿನ್ನುತ್ತವೆ.

ಹಾಗಾದರೆ ತೆಂಗಿಗೆ ಭಯವಿದೆಯೇ? ಪಪುವಾ ನ್ಯೂಗಿನಿಯಲ್ಲಿ ಇದರ ದೂರದ ಬಳಗದ ಮಿಡತೆಗಳು ತೆಂಗಿನ ಗರಿಯನ್ನು ಕಡ್ಡಿಯಷ್ಟೇ ಉಳಿಯುವಂತೆ ತಿನ್ನುವುದುಂಟು. ನಮ್ಮಲ್ಲಿ ಗರಿ ಸುಟ್ಟಂತೆ ಒಣಗಿದರೆ ಮೊದಲು ಸಂಶಯಪಡಬೇಕಾದುದು ಕಪ್ಪು ತಲೆ ಹುಳುವನ್ನು. ಗರಿಯ ತಳಭಾಗ ನೋಡಿರಿ. ನೂಲು, ಹಿಕ್ಕೆ ಸೇರಿಸಿ ಕಟ್ಟಿದ ಗೂಡು ಕಂಡರೆ ಅದೇ ಹುಳು. ಇದರ ಹತೋಟಿಗೆ ಗೊನಿಯೋಜಸ್ ಎಂಬ ಪುಟ್ಟ ಪರೋಪಜೀವಿ ಕಣಜವನ್ನು ತೋಟಕ್ಕೆ ಬಿಡುತ್ತಾರೆ. ಹಲಸಿನ ಮಿಡತೆಗೆಂದು ಹೊಡೆದ ವಿಷ ಈ ಕಣಜವನ್ನೂ ಕೊಲ್ಲುತ್ತದೆ. ನಾಲ್ಕು ಹಲಸಿನೆಲೆ ಉಳಿಸಲು ಹೋಗಿ ತೆಂಗಿನ ಕಾವಲುಗಾರನನ್ನು ಕಳೆದುಕೊಂಡಂತಾಗುತ್ತದೆ.

ಆದುದರಿಂದ ಹೀಗೆ ಮಾಡಿರಿ:

1. ಬೆಳೆದ ಹಲಸಿನ ಮರ ಕೆಲವು ಎಲೆಗಳ ನಷ್ಟವನ್ನು ತಾಳಿಕೊಳ್ಳುತ್ತದೆ. ಔಷಧಿ ಬೇಡ.

2. ಹೊಸದಾಗಿ ನೆಟ್ಟ ಕಸಿ ಗಿಡದಲ್ಲಿ ಚಿಗುರು ಕಡಿದಿದ್ದರೆ ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಹುಡುಕಿ, ಮಿಡತೆಯನ್ನು ಕೈಯಿಂದ ಹಿಡಿದು ತೆಗೆಯಿರಿ.

3. ಬಾವಲಿಗಳನ್ನು ಓಡಿಸಬೇಡಿರಿ.

4. ಗುರುತು ಹತ್ತದಿದ್ದರೆ ಕೀಟವನ್ನೂ ಅದು ತಿಂದ ಎಲೆಯನ್ನೂ ಡಬ್ಬಿಯಲ್ಲಿ ಹಾಕಿ, ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿರಿ.

ಕೀಟದ ಗುರುತು ಮೊದಲು, ಔಷಧಿಯ ಮಾತು ಆಮೇಲೆ.