ಎಂಟನೇ ಸ್ವರದ ಲೆಕ್ಕ

ಕಪ್ಪು ಜನರ ಸಂಗೀತ ಅಂದಕೂಡಲೇ ನಮ್ಮ ವಿಮರ್ಶಕರ ಬಾಯಿಗೆ ಬರೋದು ಎರಡೇ ಮಾತು: ನೋವು, ಆಕ್ರೋಶ. ದಲಿತರ ಬರವಣಿಗೆಗೂ ಇದೇ ಸರ್ಟಿಫಿಕೇಟು. 'ಹಸಿ ಅನುಭವ' ಅಂತ ಹೊಗಳಿ, ಬುದ್ಧಿಯ ಕೆಲಸವನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಅದಕ್ಕೇ ನಾನಿಲ್ಲಿ ಜಾಜ್‌ನ ಒಂದು ಸಣ್ಣ ಲೆಕ್ಕ ಬಿಡಿಸಿ ಹೇಳಬೇಕೆಂದಿದ್ದೇನೆ. ಅದರ ಹೆಸರು ಬೀಬಾಪ್ ಸ್ಕೇಲ್.

1940ರ ದಶಕದ ಶುರುವಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬಿನಲ್ಲಿ ಥೆಲೋನಿಯಸ್ ಮಂಕ್ ಪಿಯಾನೋ, ಕೆನ್ನಿ ಕ್ಲಾರ್ಕ್ ಡ್ರಮ್ ನುಡಿಸುತ್ತಿದ್ದರು. ಡಿಜ್ಜಿ ಗಿಲೆಸ್ಪಿ, ಚಾರ್ಲಿ ಪಾರ್ಕರ್ ಬಂದು ಕೂಡಿಕೊಳ್ಳುತ್ತಿದ್ದರು. ಭಯಂಕರ ವೇಗ. ಅಂಥ ವೇಗದಲ್ಲಿ ಮನೋಧರ್ಮದಿಂದ ನುಡಿಸುವವನು ದಾರಿ ತಪ್ಪದೆ ಇರೋದು ಹೇಗೆ?

ನಮ್ಮ ಹರಿಕಾಂಭೋಜಿಯ ಏಳು ಸ್ವರ ತಗೊಳ್ಳಿ. ಹಿಂದೆ ಪಿಯಾನೋ ಸ, ಗ, ಪ, ನಿ ನಾಲ್ಕನ್ನೂ ಒಟ್ಟಿಗೆ ಒತ್ತಿ ಹಿಡಿದಿದೆ, ಇದು ಕಾರ್ಡ್. ನಾಲ್ಕು ಪೆಟ್ಟು, ಪೆಟ್ಟಿಗೆರಡು ಸ್ವರ. ಮೇಲಿನ ಸದಿಂದ ಇಳಿಯುತ್ತಾ ಬಂದರೆ ಪೆಟ್ಟಿನ ಮೇಲೆ ಬೀಳೋವು ಸ, ದ, ಮ, ರಿ. ಮೊದಲನೇ ಸ ಬಿಟ್ಟರೆ ಒಂದೂ ಕಾರ್ಡಿಗೆ ಸೇರಿದ್ದಲ್ಲ. ಈಗ ಸ ಮತ್ತು ಕೈಶಿಕಿ ನಿಷಾದದ ನಡುವೆ ಕಾಕಲಿ ನಿಷಾದವನ್ನೂ ಸೇರಿಸಿ. ಸ್ವರ ಎಂಟಾದವು. ಪೆಟ್ಟಿನ ಮೇಲೆ ಸ, ಕೈಶಿಕಿ ನಿ, ಪ, ಗ. ಮುಂದಿನ ಸುತ್ತಿನ ಮೊದಲ ಪೆಟ್ಟಿಗೆ ಸರಿಯಾಗಿ ಮತ್ತೆ ಸ. ಎಷ್ಟೇ ಓಡಿದರೂ ಕಾರ್ಡ್ ಕೈಬಿಡೋದಿಲ್ಲ. ಖಮಾಜಿನಲ್ಲೂ ಎರಡು ನಿಷಾದ ಇವೆಯಲ್ಲ ಅಂತೀರಿ. ಅಲ್ಲಿ ಏರುವಾಗ ಒಂದು, ಇಳಿಯುವಾಗ ಇನ್ನೊಂದು. ಇಲ್ಲಿ ಎರಡೂ ಬೆನ್ನುಬೆನ್ನಿಗೆ ಬಂದರೇನೇ ಲೆಕ್ಕ ಕೂಡೋದು.

ಪೆಟ್ಟಿನ ಮೇಲೆ ರಿಯಿಂದ ಹೊರಟರೆ ಮಾತ್ರ ಎಲ್ಲಾ ತಲೆಕೆಳಗು. ಆಗ ರಿ ಮತ್ತು ಸದ ನಡುವೆ ಇನ್ನೊಂದು ಅರೆಸ್ವರ ತುರುಕಬೇಕು. ಇಂಥ ನಿಯಮಗಳನ್ನು ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಪಿಯಾನೋವಾದಕ ಬ್ಯಾರಿ ಹ್ಯಾರಿಸ್ 2021ರಲ್ಲಿ ತೀರಿಕೊಳ್ಳುವ ತನಕ ಕಲಿಸುತ್ತಲೇ ಇದ್ದರು.

'ಬೀಬಾಪ್ ಸ್ಕೇಲ್' ಅನ್ನೋ ಹೆಸರು ಪಾರ್ಕರ್ ಕೊಟ್ಟದ್ದಲ್ಲ. ಅವರು 1955ರಲ್ಲಿ, 34ನೇ ವಯಸ್ಸಿಗೇ ಹೋದರು. ಅವರೆಲ್ಲರ ರೆಕಾರ್ಡುಗಳನ್ನು ಕೇಳಿ ಕೇಳಿ, ಹೆಸರಿಟ್ಟು, ಪಾಠ ಮಾಡಿದವರು ಇಂಡಿಯಾನಾ ವಿಶ್ವವಿದ್ಯಾಲಯದ ಕಪ್ಪು ಮೇಷ್ಟ್ರು ಡೇವಿಡ್ ಬೇಕರ್. ವಿಮರ್ಶೆ ಅಂದರೆ ನನಗೆ ಇದು. ಈ ಎಂಟನೇ ಸ್ವರವನ್ನು ಹಿಡಿದು ಊರ ಹೊರಗಿನವನ ರೂಪಕ ಮಾಡೋ ಆಸೆ ಯಾರಿಗಾದರೂ ಬಂದೀತು; ದಯವಿಟ್ಟು ಬೇಡ. ನಮ್ಮ ತಮಟೆಯವರ ಕೈಲಿರೋ ಲೆಕ್ಕವನ್ನು ಹೀಗೆ ಪೆಟ್ಟುಪೆಟ್ಟಾಗಿ ಎಣಿಸಿ ಬರೆಯೋರು ಬೇಕಾಗಿದ್ದಾರೆ.