ಫುಟ್‌ಪಾತಿನ ಮೇಲೆ ಕಾರು, ರಸ್ತೆಯ ಮೇಲೆ ನಾವು

ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಕೆಲವು ದೃಶ್ಯಗಳು ಬೇಕಾಗಿದ್ದವು. ಬೆಂಗಳೂರಿನ ಜಯನಗರದ ಒಂದು ಅಡ್ಡರಸ್ತೆಯಲ್ಲಿ ಬೆಳಗಿನ ಹೊತ್ತು ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದೆವು. ಸೊಪ್ಪಿನ ಚೀಲ ಹಿಡಿದ ವೃದ್ಧೆಯೊಬ್ಬರು ಬಂದರು. ಆ ಬೀದಿ ಮುಗಿಯುವಷ್ಟರಲ್ಲಿ ಅವರು ಆರು ಸಲ ಫುಟ್‌ಪಾತಿನಿಂದ ಇಳಿದು ಹತ್ತಿದರು. "ಮೇಲೇ ನಡೀಬಹುದಲ್ಲ ಅಜ್ಜಿ?" ಎಂದು ನಮ್ಮ ಸಹಾಯಕ ಕೇಳಿದ. "ನಡೀಬಹುದಪ್ಪ, ಮೊದಲು ನಿಮ್ಮ ವ್ಯಾನು ತೆಗೀರಿ" ಎಂದರು. ತಿರುಗಿ ನೋಡಿದರೆ ನಮ್ಮ ವ್ಯಾನಿನ ಎರಡು ಚಕ್ರಗಳು ಫುಟ್‌ಪಾತಿನ ಮೇಲಿದ್ದವು! "ರಸ್ತೆಗೆ ಅಡ್ಡ ಆಗಬಾರದು ಅಂತ ಹತ್ತಿಸಿದೆ ಸಾರ್" ಎಂದು ಚಾಲಕರು ಸಮಜಾಯಿಷಿ ಕೊಟ್ಟರು.

ಸಮಸ್ಯೆಯ ಬೇರು ಈ ಮಾತಿನಲ್ಲೇ ಇದೆ. ಫುಟ್‌ಪಾತಿನ ಮೇಲೆ ವಾಹನ ನಿಲ್ಲಿಸುವವರಲ್ಲಿ ಹೆಚ್ಚಿನವರು ಉದ್ಧಟರಲ್ಲ. ಇನ್ನೊಂದು ವಾಹನಕ್ಕೆ ದಾರಿ ಬಿಟ್ಟೆವೆಂದು ಅವರು ತಿಳಿದಿರುತ್ತಾರೆ. ಆ ಸೌಜನ್ಯದ ಬೆಲೆ ತೆರುವವರು ಮಾತ್ರ ನಡೆದು ಹೋಗುವವರು.

ವಿದ್ಯಾರ್ಥಿ ಮಿತ್ರರೇ, ಒಂದು ಸಣ್ಣ ಲೆಕ್ಕ ಮಾಡೋಣ. ಹಳೆಯ ಬಡಾವಣೆಗಳಲ್ಲಿ 30 ಅಡಿ ರಸ್ತೆಗಳು ಸಾಮಾನ್ಯ. ಅಂದರೆ ಸುಮಾರು 9 ಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯಂತೆ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕು. ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿಗಳು ದಾಟಿಹೋಗಲು ಇಷ್ಟು ಬೇಕು. ಎರಡು ಬದಿಗೆ 3.6 ಮೀಟರ್ ಕಳೆದರೆ ಉಳಿಯುವುದು 5.4 ಮೀಟರ್. ಈಗಿನ ಒಂದು ಕಾರು ನಿಂತರೆ ಸುಮಾರು 1.8 ಮೀಟರ್ ನುಂಗುತ್ತದೆ. ಎರಡೂ ಬದಿಗೆ ಕಾರು ನಿಂತರೆ ನಡುವೆ 1.8 ಮೀಟರ್ ಮಾತ್ರ. ಅಗ್ನಿಶಾಮಕ ವಾಹನವಿರಲಿ, ಇನ್ನೊಂದು ಕಾರೂ ನುಗ್ಗದು. ಒಂದೇ ಬದಿಗೆ ನಿಂತರೆ 3.6 ಮೀಟರ್ ಉಳಿಯುತ್ತದೆ. ಒಂದು ವಾಹನ ಸಲೀಸಾಗಿ ಹೋಗಬಹುದು. ಆದ್ದರಿಂದ ಇಂಥ ರಸ್ತೆಯಲ್ಲಿ ಎರಡು ಬದಿಯ ಪಾರ್ಕಿಂಗ್ ಎಂಬುದು ಗಣಿತಕ್ಕೇ ಒಗ್ಗದ ಸಂಗತಿ. ಒಗ್ಗದ್ದನ್ನು ಒಗ್ಗಿಸಲು ಹೋದಾಗ ಚಕ್ರ ಫುಟ್‌ಪಾತು ಹತ್ತುತ್ತದೆ.

ಆಗ ರಸ್ತೆಗಿಳಿದವರ ಗತಿ ಏನು? ಗಂಟೆಗೆ 40 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಚಲಿಸುತ್ತದೆ. ಸವಾರ ಕಂಡು, ತಿಳಿದು, ಬ್ರೇಕು ಒತ್ತುವುದಕ್ಕೆ ಸುಮಾರು ಒಂದು ಸೆಕೆಂಡ್ ಬೇಕು. ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ಇನ್ನೂ 8-9 ಮೀಟರ್. ಒಟ್ಟು 20 ಮೀಟರ್! ನಿಂತ ಕಾರುಗಳ ಸಂದಿಯಿಂದ ಹೊರಬರುವ ಶಾಲೆಯ ಮಗು ಅಷ್ಟು ದೂರದಿಂದ ಕಾಣುವುದೇ ಇಲ್ಲ. ಅದರ ತಲೆ ಕಾರಿನ ಎತ್ತರಕ್ಕಿಂತ ಕೆಳಗಿರುತ್ತದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಇವರೆಲ್ಲ ಫುಟ್‌ಪಾತ್ ಇಲ್ಲದೆ ಸತ್ತರೆಂದು ನಾನು ಹೇಳುತ್ತಿಲ್ಲ. ಆದರೆ ಐವರಲ್ಲಿ ಒಬ್ಬರೆಂಬುದು ಸಣ್ಣ ಸಂಖ್ಯೆಯಲ್ಲ.

ಇನ್ನೊಂದು ಹಾನಿ ನೆಲದಡಿಯದು. ಬೆಂಗಳೂರಿನ ಅನೇಕ ಬೀದಿಗಳಲ್ಲಿ ಫುಟ್‌ಪಾತ್ ಎಂದರೆ ಮಳೆನೀರಿನ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನು ತಾಳುವ ಶಕ್ತಿ ಅದರ ಹತ್ತನೆಯ ಒಂದು ಪಾಲಿನಷ್ಟು. ಎರಡು ತುದಿಗಳ ಮೇಲೆ ಮಾತ್ರ ಕೂತ ಚಪ್ಪಡಿಯ ನಡುವೆ ಭಾರ ಬಿದ್ದರೆ ಅದರ ಮೇಲ್ಮೈ ಒತ್ತಲ್ಪಡುತ್ತದೆ, ತಳ ಹಿಗ್ಗುತ್ತದೆ. ಬಿರುಕು ಹುಟ್ಟುವುದು ತಳದಲ್ಲಿ, ನಮ್ಮ ಕಣ್ಣಿಗೆ ಬೀಳದ ಕಡೆ. 60 ಕಿಲೋ ತೂಕದ ಮನುಷ್ಯ ನಡೆಯುವ ಕಡೆ ಕಾರಿನ ಒಂದೊಂದು ಚಕ್ರವೂ 250ರಿಂದ 300 ಕಿಲೋ ಭಾರ ಹೇರುತ್ತದೆ. ಮುರಿದ ಕಲ್ಲು ಚರಂಡಿಗೆ ಬೀಳುತ್ತದೆ, ಕಸ ತಡೆಯುತ್ತದೆ, ಮುಂದಿನ ಮಳೆಗೆ ನೀರು ಅದೇ ಕಾರಿನ ಮಾಲೀಕರ ಗೇಟಿನೊಳಗೆ ಬರುತ್ತದೆ.

ಕಾನೂನು ಏನನ್ನುತ್ತದೆ? 'ನೋ ಪಾರ್ಕಿಂಗ್' ಫಲಕ ಇಲ್ಲದಿದ್ದರೆ ನಿಲ್ಲಿಸಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. 1989ರ ರಸ್ತೆ ನಿಯಮಗಳಲ್ಲೂ, ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಗಳಲ್ಲೂ ಫುಟ್‌ಪಾತಿನ ಮೇಲೆ ನಿಲುಗಡೆಗೆ ನಿಷೇಧವಿದೆ, ಫಲಕ ಇರಲಿ ಬಿಡಲಿ. ಅಡೆತಡೆಯಿಲ್ಲದ ಫುಟ್‌ಪಾತನ್ನು ಬಳಸುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಹೇಳಿತು.

ಹಾಗಾದರೆ ಕಾರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನಕ್ಷೆಯಲ್ಲಿ ಗ್ಯಾರೇಜೆಂದು ತೋರಿಸಿದ ಜಾಗದಲ್ಲಿ ಅಂಗಡಿಯೋ ಬಾಡಿಗೆ ಕೋಣೆಯೋ ಎದ್ದಿರುವ ಮನೆಗಳನ್ನು ನೀವೂ ಕಂಡಿರುತ್ತೀರಿ. ಜಪಾನು 1962ರಲ್ಲೇ, ನಿಲ್ಲಿಸಲು ಜಾಗವಿದೆಯೆಂದು ತೋರಿಸಿದವರಿಗೇ ಕಾರು ಎಂಬ ಕಾನೂನು ತಂದಿತು. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ. ಈಗ ಅದನ್ನು ತರುವುದು ಸುಲಭವಲ್ಲ. ಒಂದು ಬದಿಯ ನಿಲುಗಡೆಯಂತೂ ಇಂದೇ ಸಾಧ್ಯ. ಯಾವ ಬದಿ ಎಂಬುದರ ಮೇಲೆ ಜಗಳವಾದೀತು, ನಿಜ.

ಅಂದು ನಮ್ಮ ವ್ಯಾನಿಗೆ ಜಾಗ ಸಿಕ್ಕಿದ್ದು ಎರಡು ಬೀದಿ ಆಚೆ. ಕ್ಯಾಮೆರಾ, ಸ್ಟ್ಯಾಂಡು, ದೀಪಗಳನ್ನು ಹೊತ್ತುಕೊಂಡೇ ಹೋದೆವು. ದಾರಿಯಲ್ಲಿ ನಾವೂ ನಾಲ್ಕು ಸಲ ರಸ್ತೆಗೆ ಇಳಿಯಬೇಕಾಯಿತು. ಒಂದು ಟೇಪು ತೆಗೆದುಕೊಂಡು ನಿಮ್ಮ ಬೀದಿಯ ಫುಟ್‌ಪಾತಿನ ತೆರವಾದ ಅಗಲವನ್ನು ಹತ್ತು ಕಡೆ ಅಳೆಯಿರಿ. ಬೆಳಿಗ್ಗೆ ಒಮ್ಮೆ, ಕಾರುಗಳು ಮನೆಗೆ ಮರಳಿದ ಮೇಲೆ ರಾತ್ರಿ ಇನ್ನೊಮ್ಮೆ. ಅಳತೆಗಳನ್ನು ನಮಗೆ ಬರೆದು ಕಳುಹಿಸಿ.