ಗಲ್ಲಿಯು ಹಾಡಾದ ಬಗೆ

ನಮ್ಮ ಕಲ್ಯಾಣದಿಂದ ಬೆಳಗಿನ ಲೋಕಲ್ ಗಾಡಿಯನ್ನೇರಿ ಮುಂಬಯಿಗೆ ಹೋಗುವವರು ಘಾಟಕೋಪರವನ್ನೂ ಕುರ್ಲಾವನ್ನೂ ದಿನವೂ ದಾಟುತ್ತಾರೆ. ಕಿಟಕಿಯಿಂದ ಕಾಣುವುದು ಒತ್ತೊತ್ತಾದ ತಗಡಿನ ಮಾಡುಗಳು, ಒಣಗಲು ಹಾಕಿದ ಬಟ್ಟೆಗಳು, ಇಬ್ಬರು ಎದುರಾದರೆ ಒಬ್ಬರು ಮೈ ಓರೆಮಾಡಿಕೊಳ್ಳಬೇಕಾದ ಗಲ್ಲಿಗಳು. ಅವನ್ನು ಕಂಡು ಮೂಗು ಮುರಿಯುವವರುಂಟು, ಮರುಗುವವರೂ ಉಂಟು. ಆದರೆ ಆ ಗಲ್ಲಿಯಲ್ಲಿಯೇ ಬೆಳೆದವನು ಅದನ್ನು ಕುರಿತು ಏನೆನ್ನುತ್ತಾನೆಂದು ಕೇಳಿದವರು ವಿರಳ. ಯಾರೂ ಕೇಳದಿದ್ದ ಈ ಪ್ರಶ್ನೆಗೆ 2015ರ ಏಪ್ರಿಲ್ ತಿಂಗಳಿನಲ್ಲಿ ಹಾಡೊಂದು ಉತ್ತರ ಕೊಟ್ಟಿತು. ಅದರ ಹೆಸರು ‘ಮೇರೆ ಗಲ್ಲಿ ಮೇ’, ಎಂದರೆ ‘ನನ್ನ ಗಲ್ಲಿಯಲ್ಲಿ’.

ಹಾಡಿದವರು ಇಬ್ಬರು ತರುಣರು. ಡಿವೈನ್ ಎಂಬ ಹೆಸರಿನಿಂದ ಹಾಡುವ ವಿವಿಯನ್ ಫರ್ನಾಂಡಿಸ್ ಅಂಧೇರಿ ಪೂರ್ವದ ಜೆ. ಬಿ. ನಗರದವರು, ನೇಜಿ ಎಂದು ಪ್ರಸಿದ್ಧರಾದ ನಾವೇದ್ ಶೇಖ್ ಕುರ್ಲಾದವರು. ನೇಜಿಯವರು 2014ರಲ್ಲಿ ‘ಆಫತ್’ ಎಂಬ ತಮ್ಮ ಮೊದಲ ಹಾಡನ್ನು ಐಪ್ಯಾಡ್ ಒಂದರ ಸಹಾಯದಿಂದಲೇ ಮುದ್ರಿಸಿ, ಚಿತ್ರೀಕರಿಸಿ ಲೋಕದ ಮುಂದಿಟ್ಟಿದ್ದರು. ‘ಮೇರೆ ಗಲ್ಲಿ ಮೇ’ ಹಾಡಿಗೆ ವಾದ್ಯದ ಹಿನ್ನೆಲೆಯನ್ನು ಒದಗಿಸಿದವರು ಸೆಜ್ ಎಂಬ ಸಂಗೀತಗಾರರು. ಓಣಿಯ ಗೆಳೆತನ, ಪೊಲೀಸರ ಸುಳಿದಾಟ, ಹುಡುಗರ ಚುರುಕುತನ, ಇವೆಲ್ಲಕ್ಕೂ ಮೇಲೆ ‘ಇದು ನನ್ನದು’ ಎಂಬ ಹೆಮ್ಮೆ, ಇವೇ ಅದರ ವಸ್ತು.

ಈ ಬಗೆಯ ಹಾಡಿಗೆ ರ‍್ಯಾಪ್ ಎಂದು ಹೆಸರು. ಇದರಲ್ಲಿ ರಾಗದ ಆಲಾಪನೆಯಿಲ್ಲ. ನಾಲ್ಕು ಪೆಟ್ಟಿನ ತಾಳವೊಂದು ಎಡೆಬಿಡದೆ ನಡೆಯುತ್ತಿರುವಾಗ ಅದರ ಮೇಲೆ ಮಾತನ್ನು ವೇಗವಾಗಿಯೂ ಪ್ರಾಸಬದ್ಧವಾಗಿಯೂ ಹೊಂದಿಸಿ ಆಡುವುದೇ ಇಲ್ಲಿಯ ಕಲೆ. ಪ್ರಾಸವು ಸಾಲಿನ ಕೊನೆಯಲ್ಲಿ ಬರುವುದಲ್ಲದೆ ನಡುನಡುವೆಯೂ ಮಿಂಚುವುದುಂಟು. ಕನ್ನಡ ವಿದ್ಯಾರ್ಥಿಗಳಿಗೆ ಇದು ತೀರ ಅಪರಿಚಿತವಾಗಿ ತೋರಬೇಕಾಗಿಲ್ಲ. ನಮ್ಮ ಮಂದಾನಿಲ ರಗಳೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣಗಳು ಬರುವುದನ್ನೂ, ಎರಡೆರಡು ಸಾಲುಗಳು ಪ್ರಾಸದಿಂದ ಬೆಸೆದುಕೊಳ್ಳುವುದನ್ನೂ ವ್ಯಾಕರಣದ ತರಗತಿಯಲ್ಲಿ ಕಲಿತಿರುತ್ತೇವೆ. ಶರಣರ ಜೀವನವನ್ನು ಜನರಿಗೆ ಮುಟ್ಟಿಸಲು ಹರಿಹರನು ಆರಿಸಿಕೊಂಡುದು ಓಟವುಳ್ಳ ಈ ರಗಳೆಯನ್ನೇ ಅಲ್ಲವೆ? ಎರಡರ ಕಾಲ ಬೇರೆ, ಭಾವ ಬೇರೆ. ಆದರೂ ನಿಲ್ಲದೆ ಹರಿಯುವ ಲಯಕ್ಕೆ ಕಥೆಯನ್ನು ಹೊರುವ ಶಕ್ತಿಯಿದೆಯೆಂಬ ಅರಿವು ಎರಡಕ್ಕೂ ಸಮಾನವಾದುದು.

ರ‍್ಯಾಪಿನ ತವರು ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗ. 1973ರ ಆಗಸ್ಟ್ 11ರಂದು ಅಲ್ಲಿಯ ವಸತಿ ಕಟ್ಟಡವೊಂದರಲ್ಲಿ ಕೂಲ್ ಹರ್ಕ್ ಎಂಬ ತರುಣನು ನಡೆಸಿದ ಸಂಗೀತಕೂಟವನ್ನು ಇದರ ಆರಂಭವೆಂದು ಗಣಿಸುವ ವಾಡಿಕೆಯಿದೆ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಅವರ ಸಂಗಡಿಗರ ತಂಡವು ‘ದಿ ಮೆಸೇಜ್’ ಎಂಬ ಹಾಡಿನಲ್ಲಿ ಬಡ ಕೇರಿಯ ಬಾಳನ್ನು ಮುಚ್ಚುಮರೆಯಿಲ್ಲದೆ ಹೇಳಿತು. ಆದರೆ ಮುಂಬಯಿಯ ಬೀದಿಯು ಹಾಡಾದುದು ಇದೇ ಮೊದಲಲ್ಲ. ಶಾಲೆಯ ವಿದ್ಯೆ ಹೆಚ್ಚಾಗಿ ದೊರೆಯದ ಶಾಹೀರ ಅಣ್ಣಾಭಾವು ಸಾಠೆಯವರು (1920–1969) ಘಾಟಕೋಪರದ ಚಿರಾಗನಗರದ ಬಡ ವಸತಿಯಲ್ಲಿದ್ದುಕೊಂಡು ಈ ನಗರದ ಸಿರಿತನವನ್ನೂ ಹಸಿವನ್ನೂ ಎದುರುಬದುರಾಗಿ ನಿಲ್ಲಿಸಿ ಮರಾಠಿಯಲ್ಲಿ ಲಾವಣಿ ಕಟ್ಟಿದ್ದರು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಡಿವೈನ್ ಮೊದಲು ಇಂಗ್ಲಿಷಿನಲ್ಲಿ ಹಾಡುತ್ತಿದ್ದರು. ಆಮೇಲೆ ತಮ್ಮ ಸುತ್ತಿನವರು ಆಡುವ ಮುಂಬಯಿ ಹಿಂದಿಗೆ ತಿರುಗಿದರು. ಶಾಲೆಯ ಪುಸ್ತಕದಲ್ಲಿ ಇಲ್ಲದ, ಗೆಳೆಯನನ್ನು ‘ಬಂಟಾಯ್’ ಎಂದು ಕರೆಯುವ ಆ ಕಲಬೆರಕೆ ಮಾತಿನಲ್ಲಿ ಹಾಡಿದಾಗಲೇ ಓಣಿಯು ತನ್ನ ದನಿಯನ್ನು ತಾನೇ ಗುರುತಿಸಿತು. ಅಂಚೆಯ ಪಿನ್ ಸಂಖ್ಯೆ ಕೂಡ ಅವರಿಗೆ ಬಿರುದಾಯಿತು: 400059ರ ‘59’ ಡಿವೈನ್ ಅವರ ಗುರುತು, ನೇಜಿಯವರನ್ನು ಕುರಿತ 2014ರ ಕಿರುಚಿತ್ರದ ಹೆಸರು, ಕುರ್ಲಾದ 400070ನ್ನು ಸೂಚಿಸುವ ‘ಬಾಂಬೆ 70’. 1972ರಲ್ಲಿ ಕಾಗದಗಳನ್ನು ವಿಂಗಡಿಸಲೆಂದು ಹುಟ್ಟಿದ ಅಂಕೆಗಳು ಹೀಗೆ ಊರಿನ ಅಭಿಮಾನದ ಲಾಂಛನಗಳಾದುವು.

2019ರ ಫೆಬ್ರವರಿಯಲ್ಲಿ ಜೋಯಾ ಅಖ್ತರ್ ಅವರ ‘ಗಲ್ಲಿ ಬಾಯ್’ ಚಲನಚಿತ್ರವು ಇವರಿಬ್ಬರ ಜೀವನದಿಂದ ಸ್ಫೂರ್ತಿ ಪಡೆದು ತೆರೆಗೆ ಬಂದಿತು. ಅದರಲ್ಲಿ ಈ ಹಾಡು ಹೊಸ ರೂಪದಲ್ಲಿ ಮತ್ತೆ ಕೇಳಿಸಿತು. ದೇಶವೆಲ್ಲ ಹಾಡನ್ನು ಅರಿತುದು ಲಾಭವೇ ಸರಿ. ಆದರೆ ಚಿತ್ರಕಥೆಯು ಅವರ ಬಾಳಿನ ಯಥಾವತ್ತಾದ ವೃತ್ತಾಂತವಲ್ಲ. ನಮ್ಮ ಕಥೆಯನ್ನು ಇತರರು ಎಷ್ಟೇ ಪ್ರೀತಿಯಿಂದ ಹೇಳಲಿ, ಅದು ಅವರ ಕಥೆಯಾಗಿಬಿಡುತ್ತದೆ. ಆದುದರಿಂದಲೇ ಮೊದಲನೆಯ ಹಾಡಿನ ಬೆಲೆ ಹೆಚ್ಚಿನದು. ಅಲ್ಲಿ ಹೇಳುವವನೂ ಗಲ್ಲಿಯವನೇ, ಹೇಳಿಸಿಕೊಂಡುದೂ ಗಲ್ಲಿಯೇ.

ವಿದ್ಯಾರ್ಥಿ ಮಿತ್ರರೇ, ಈ ಹಾಡು ನಿಮ್ಮೆಲ್ಲರ ಅಭಿರುಚಿಗೆ ಒಗ್ಗಲೇಬೇಕೆಂದಿಲ್ಲ. ಅದರ ಒರಟುತನವನ್ನು ಅನುಕರಿಸಬೇಕೆಂದೂ ಇಲ್ಲ. ನಾವು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ ಆಡುವವರು. ‘ನಮ್ಮ ಕನ್ನಡ ಊರಿನವರ ಕನ್ನಡದಂತಿಲ್ಲ’ ಎಂದು ನಾಚಿ ಲೇಖನಿಯನ್ನು ಕೆಳಗಿಡುವ ಮಕ್ಕಳು ನಮ್ಮಲ್ಲಿ ಹಲವರಿದ್ದಾರೆ. ಆ ನಾಚಿಕೆ ಬೇಡ. ಗಲ್ಲಿ ಎಂಬ ಪದವು ನಮ್ಮಲ್ಲಿಯೂ ಬಳಕೆಯಲ್ಲಿದೆ. ಓಣಿ, ಕೇರಿ, ಬೀದಿ ಎಂಬ ನುಡಿಗಳೂ ಇವೆ. 421301ರ ಈ ಕಲ್ಯಾಣದ ಬೀದಿಯನ್ನು ನೀವು ಕಂಡಂತೆ ಕನ್ನಡದಲ್ಲಿ ನೀವು ಬರೆಯದಿದ್ದರೆ ನಿಮ್ಮ ಪರವಾಗಿ ಬರೆಯುವವರು ಯಾರು?